ಮಕ್ಕಳ ಸೇವೆಗೆ ಹೊರಡುವ ತಂಡಗಳಿಗೆ: ವಿಬಿಎಸ್, ಆಟದ ವಾರ, ವಸತಿ ಶಿಬಿರ – ಯಾವುದನ್ನು ಆರಿಸಬೇಕು?

ಫೆಬ್ರವರಿ ಮುಗಿಯುತ್ತಿದ್ದಂತೆ ಪಟ್ಟಣದ ಕ್ರೈಸ್ತ ಸಭೆಗಳ (ಚರ್ಚುಗಳ) ಯೌವನಸ್ಥರ ಸಂಘಗಳಲ್ಲಿ ಒಂದೇ ಚರ್ಚೆ. ಏಪ್ರಿಲ್‌ನಲ್ಲಿ ಶಾಲೆಗಳಿಗೆ ರಜೆ. ಈ ಸಲ ಯಾವ ಊರಿಗೆ ಹೋಗೋಣ, ಮಕ್ಕಳಿಗಾಗಿ ಏನು ಮಾಡೋಣ? ಒಬ್ಬರು ಹಳ್ಳಿಯ ಸಭೆಯಲ್ಲಿ ವಿಬಿಎಸ್ (ರಜಾ ಸತ್ಯವೇದ ಶಾಲೆ, ಅಂದರೆ ರಜೆಯಲ್ಲಿ ಮಕ್ಕಳಿಗಾಗಿ ನಡೆಸುವ ಬೈಬಲ್ ಶಾಲೆ) ನಡೆಸೋಣ ಎನ್ನುತ್ತಾರೆ. ಕಾಲೇಜಿನಲ್ಲಿ ವಾಲಿಬಾಲ್ ಆಡಿದವರಿಗೆ ಆಟದ ತರಬೇತಿಯ ಮೇಲೆ ಮನಸ್ಸು. ಮತ್ತೊಬ್ಬರಿಗೆ ಮಕ್ಕಳನ್ನು ಮೂರು ದಿನ ಒಂದೆಡೆ ಉಳಿಸಿಕೊಂಡು ಶಿಬಿರ ಮಾಡುವ ಆಸೆ. ಈ ನಡುವೆ ಹೊರದೇಶದ ಸಭೆಯೊಂದು ತಂಡ ಕಳುಹಿಸಲು ಸಿದ್ಧವಿದೆ ಎಂಬ ಸುದ್ದಿಯೂ ಬರುತ್ತದೆ.

ನಾನು ಇದನ್ನು ಹೊರಡುವವರ ಕಡೆಯಿಂದ ಬರೆಯುತ್ತಿಲ್ಲ, ಬರಮಾಡಿಕೊಳ್ಳುವವರ ಕಡೆಯಿಂದ ಬರೆಯುತ್ತಿದ್ದೇನೆ. ಉತ್ತರ ಕರ್ನಾಟಕದ ಒಂದು ಸಣ್ಣ ಸಭೆಯ ಭಾನುವಾರ ಶಾಲೆಯಲ್ಲಿ ಪಾಠ ಹೇಳುವವಳು ನಾನು. ತಂಡಗಳಿಗೆ ಚಾಪೆ ಹಾಸಿದ್ದೇವೆ, ಸ್ತ್ರೀಯರ ಅನ್ಯೋನ್ಯಕೂಟದವರು ಸರದಿಯ ಮೇಲೆ ಅಡುಗೆ ಮಾಡಿ ಬಡಿಸಿದ್ದಾರೆ, ಹೊರಡುವ ದಿನ ಮಕ್ಕಳ ಜೊತೆ ನಾವೂ ಅತ್ತಿದ್ದೇವೆ. ಹಾಗಾಗಿ ನನ್ನ ಅಳತೆಗೋಲು ಒಂದೇ: ಜೂನ್‌ನಲ್ಲಿ ಶಾಲೆ ಮತ್ತೆ ತೆರೆದಾಗ ಆ ಮಕ್ಕಳ ಜೊತೆ ಯಾರಿರುತ್ತಾರೆ, ನೀವು ಆರಂಭಿಸಿದ್ದನ್ನು ಅವರು ಮುಂದುವರಿಸಬಲ್ಲರೇ? ಈ ಪ್ರಶ್ನೆಗೆ ಉತ್ತರವಿದ್ದರೆ ಕೆಳಗಿನ ಯಾವ ಆಯ್ಕೆಯೂ ಒಳ್ಳೆಯದೇ. ಉತ್ತರವಿಲ್ಲದಿದ್ದರೆ ಆಯ್ಕೆಯ ಚರ್ಚೆಯನ್ನೇ ಒಂದು ವರ್ಷ ಮುಂದೂಡಿ, ಮೊದಲು ಆ ಊರಿನಲ್ಲಿ ಒಬ್ಬರನ್ನು ಹುಡುಕಿಕೊಳ್ಳಿ.

ವಿಬಿಎಸ್ ತಂಡ

ರಜಾ ಸತ್ಯವೇದ ಶಾಲೆಯ ಮೂಲ ಅಮೆರಿಕದ್ದು. 1898ರಲ್ಲಿ ಎಲೈಜಾ ಹಾಸ್ ಎಂಬಾಕೆ ನ್ಯೂಯಾರ್ಕ್‌ನ ಬೀದಿ ಮಕ್ಕಳಿಗಾಗಿ ಬೇಸಿಗೆಯಲ್ಲಿ ನಡೆಸಿದ ಶಾಲೆ ಅದರ ಆರಂಭದ ರೂಪಗಳಲ್ಲೊಂದು. ತರಗತಿಗೆ ಜಾಗ ಸಿಗದೆ ಆಕೆ ಬಾಡಿಗೆಗೆ ಹಿಡಿದದ್ದು ಒಂದು ಬಿಯರ್ ಅಂಗಡಿಯ ಸಭಾಂಗಣವನ್ನು. ಇಂದು ನಮ್ಮಲ್ಲಿ ಮಂಗಳೂರಿನಿಂದ ಬೀದರ್‌ವರೆಗೆ ವಿಬಿಎಸ್ ಎಂದರೆ ಎಲ್ಲರಿಗೂ ಗೊತ್ತು: ಐದರಿಂದ ಹತ್ತು ದಿನ, ಬೆಳಗಿನ ಹೊತ್ತು, ಅಭಿನಯ ಗೀತೆ, ಕಥೆ, ಸತ್ಯವೇದದ ಕಂಠಪಾಠ ವಾಕ್ಯ, ಕೈಕೆಲಸ, ಕೊನೆಯ ದಿನ ತಂದೆ ತಾಯಿಯರ ಮುಂದೆ ಕಾರ್ಯಕ್ರಮ.

ಮೊದಲ ಸಲ ಹೊರಡುವವರಿಗೆ ಇದೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಪಾಠದ ಪುಸ್ತಕ ಸಿದ್ಧವಿರುತ್ತದೆ. ಮಕ್ಕಳು ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗುತ್ತಾರೆ, ರಾತ್ರಿಯ ಹೊಣೆ ನಿಮ್ಮದಲ್ಲ. ತಂದೆ ತಾಯಿಯರು ಬಾಗಿಲಲ್ಲಿ ಬಂದು ನಿಂತು ನೋಡಬಹುದು. ಬಂದ ಮಕ್ಕಳಲ್ಲಿ ಬಹುಪಾಲು ಅದೇ ಸಭೆಯವರಾದರೆ ಜೂನ್‌ನ ಮೊದಲ ಭಾನುವಾರ ಅವರು ಮತ್ತೆ ಅದೇ ಚಾಪೆಯ ಮೇಲೆ ಕುಳಿತಿರುತ್ತಾರೆ. ನನ್ನ ಅಳತೆಗೋಲಿಗೆ ಇದಕ್ಕಿಂತ ಚೆನ್ನಾಗಿ ಹೊಂದುವ ರೂಪ ಬೇರೆ ಇಲ್ಲ.

ಆದರೆ ವಿಬಿಎಸ್ ಕೆಡುವುದು ಒಂದು ಕಡೆ: ತಂಡ ಇಡೀ ವೇದಿಕೆಯನ್ನು ತಾನೇ ತುಂಬಿಕೊಂಡಾಗ. ಗಿಟಾರ್ ಹಿಡಿದ, ಬಣ್ಣದ ಅಂಗಿ ತೊಟ್ಟ ಅಣ್ಣ ಅಕ್ಕಂದಿರು ವಾರವಿಡೀ ಹಾಡಿ ಕುಣಿಯುತ್ತಾರೆ. ವರ್ಷವಿಡೀ ಆ ಮಕ್ಕಳಿಗೆ ಪಾಠ ಹೇಳುವ ಊರಿನ ಶಿಕ್ಷಕಿ ಹಿಂದಿನ ಬೆಂಚಿನಲ್ಲಿ ಕುಳಿತು ಹಾಜರಿ ಬರೆಯುತ್ತಾಳೆ. ತಂಡ ಹೋದ ಮೇಲಿನ ಭಾನುವಾರ ಆಕೆಯ ಪಾಠ ಮಕ್ಕಳಿಗೆ ಸಪ್ಪೆ ಎನಿಸುತ್ತದೆ. ನೀವು ಕೊಟ್ಟದ್ದಕ್ಕಿಂತ ಕಿತ್ತುಕೊಂಡದ್ದು ಹೆಚ್ಚಾಗುವುದು ಹೀಗೆ. ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಮಾರ್ಚ್‌ನಲ್ಲಿ ತಂಡದ ಇಬ್ಬರು ಒಂದು ಶನಿವಾರ ಆ ಊರಿಗೆ ಹೋಗಿ ಹಾಡು, ಕೈಕೆಲಸಗಳನ್ನು ಶಿಕ್ಷಕರಿಗೆ ಕಲಿಸಲಿ. ಕಥೆ ಹೇಳುವುದು ಊರಿನವರದೇ ಆಗಲಿ. ಗುಂಪು ನೋಡಿಕೊಳ್ಳುವುದು, ಕತ್ತರಿ ಗೋಂದು ಹಂಚುವುದು, ನೀರು ಕೊಡುವುದು ತಂಡದ್ದಾಗಲಿ.

ಭಾಷೆಯ ವಿಷಯವನ್ನೂ ಮೊದಲೇ ನೋಡಿಕೊಳ್ಳಬೇಕು. ಬೆಂಗಳೂರಿನ ಎಷ್ಟೋ ಯುವಕರಿಗೆ ಕನ್ನಡ ಮಾತನಾಡಲು ಬಂದರೂ ಓದಲು ತಡವರಿಸುತ್ತದೆ. ಕಲಬುರಗಿ, ವಿಜಯಪುರದ ಕಡೆಯ ತಾಂಡಾಗಳಲ್ಲಿ ಮಕ್ಕಳ ಮನೆಮಾತು ಲಂಬಾಣಿ. ಶಾಲೆಯ ಕನ್ನಡವೇ ಅವರಿಗೆ ಎರಡನೆಯ ಭಾಷೆ. ಇಂಗ್ಲಿಷ್ ಹಾಡನ್ನು ಆ ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ, ಒಂದು ಸಾಲೂ ಒಳಗೆ ಇಳಿದಿರುವುದಿಲ್ಲ. ಕಥೆಯನ್ನು ಪುಸ್ತಕ ನೋಡದೆ, ಸಣ್ಣ ಸಣ್ಣ ವಾಕ್ಯಗಳಲ್ಲಿ ಹೇಳಬಲ್ಲವರು ತಂಡದಲ್ಲಿ ಇಬ್ಬರಾದರೂ ಇಲ್ಲದಿದ್ದರೆ ವಿಬಿಎಸ್ ಬೇಡ, ಆಟದ ವಾರವನ್ನು ಯೋಚಿಸಿ.

ಆಟದ ವಾರ

ಆಟಕ್ಕೂ ಕ್ರೈಸ್ತ ಸೇವೆಗೂ ಇರುವ ನಂಟು ಹೊಸದಲ್ಲ. ಬಾಸ್ಕೆಟ್‌ಬಾಲ್ ಹುಟ್ಟಿದ್ದು 1891ರಲ್ಲಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ (ಕ್ರೈಸ್ತ ಯುವಕರ ಸಂಘ) ತರಬೇತಿ ಶಾಲೆಯಲ್ಲಿ, ಜೇಮ್ಸ್ ನೈಸ್ಮಿತ್ ಎಂಬ ಶಿಕ್ಷಕರ ಕೈಯಲ್ಲಿ. ವಾಲಿಬಾಲ್ ಕೂಡ ವೈಎಂಸಿಎಯದೇ ಕೂಸು. 1895ರಲ್ಲಿ ಹೋಲಿಯೋಕ್ ಪಟ್ಟಣದಲ್ಲಿ ವಿಲಿಯಂ ಮಾರ್ಗನ್ ಅದನ್ನು ರೂಪಿಸಿದರು. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದರಾಸಿನಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜನ್ನು ಆರಂಭಿಸಿದರು. ದೈಹಿಕ ಶಿಕ್ಷಣವನ್ನು ಒಂದು ವೃತ್ತಿಯಾಗಿ ದಕ್ಷಿಣ ಭಾರತಕ್ಕೆ ಪರಿಚಯಿಸಿದವರಲ್ಲಿ ಆ ಕಾಲೇಜು ಮುಂಚೂಣಿಯದು. ಈ ಮೂವರಿಗೂ ಆಟವೇ ವೃತ್ತಿಯಾಗಿತ್ತು. ಆಟವನ್ನು ಅವರು ಧರ್ಮ ಪ್ರಸಂಗಕ್ಕೆ ಜನ ಸೇರಿಸುವ ನೆಪವಾಗಿ ಬಳಸಲಿಲ್ಲ.

ಎರಿಕ್ ಲಿಡೆಲ್ ಹೆಸರನ್ನು ಆಟದ ತಂಡಗಳು ತಪ್ಪದೆ ಹೇಳುತ್ತವೆ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾನುವಾರ ಓಡುವುದಿಲ್ಲವೆಂದು 100 ಮೀಟರ್ ಬಿಟ್ಟು, 400 ಮೀಟರ್ ಓಟದಲ್ಲಿ ಚಿನ್ನ ಗೆದ್ದವರು. ಆದರೆ ಮಕ್ಕಳ ಸೇವೆಗೆ ಹೊರಡುವವರು ನೆನೆಯಬೇಕಾದದ್ದು ಅವರ ಬದುಕಿನ ಕೊನೆಯ ಭಾಗವನ್ನು. ಚೀನಾದಲ್ಲಿ ವರ್ಷಗಟ್ಟಲೆ ಶಿಕ್ಷಕರಾಗಿ, ಮಿಷನರಿಯಾಗಿ ದುಡಿದ ಅವರನ್ನು 1943ರಲ್ಲಿ ಜಪಾನೀಯರು ವೈಶಿಯನ್ ಬಂಧನ ಶಿಬಿರದಲ್ಲಿ ಇರಿಸಿದರು. ತಂದೆ ತಾಯಿಯರಿಂದ ದೂರವಾಗಿ ಅಲ್ಲಿದ್ದ ಮಕ್ಕಳಿಗೆ ಅವರು ಪಾಠ ಹೇಳಿದರು, ಆಟ ಆಡಿಸಿದರು. ಭಾನುವಾರ ಆಟ ಬೇಡವೆಂದೇ ಅವರ ನಿಲುವಿತ್ತು. ಆದರೆ ನೋಡಿಕೊಳ್ಳುವವರಿಲ್ಲದೆ ಆಡಿದ ಮಕ್ಕಳು ಹೊಡೆದಾಡಿಕೊಂಡಾಗ, ಮುಂದಿನ ಭಾನುವಾರ ಅವರೇ ಬಂದು ರೆಫರಿಯಾಗಿ ನಿಂತರು. ಒಲಿಂಪಿಕ್ಸ್‌ನಲ್ಲೂ ಬಿಡದಿದ್ದ ನಿಯಮವನ್ನು ಆ ಮಕ್ಕಳಿಗಾಗಿ ಸಡಿಲಿಸಿದರು. 1945ರ ಫೆಬ್ರವರಿಯಲ್ಲಿ ಅಲ್ಲೇ ತೀರಿಕೊಂಡರು. ಆಟದ ಸೇವೆ ಎಂದರೆ ನನ್ನ ಕಣ್ಣಿಗೆ ಮೊದಲು ಕಾಣುವುದು ಆ ರೆಫರಿ.

ಈಗ ನಮ್ಮ ಊರುಗಳ ಸಂಗತಿ. ಆಟದ ವಾರದ ದೊಡ್ಡ ಬಲವೆಂದರೆ ವಿಬಿಎಸ್‌ಗೆ ಬಾರದ ಮಕ್ಕಳು ಮೈದಾನಕ್ಕೆ ಬರುತ್ತಾರೆ: ಹದಿಮೂರು ಹದಿನಾಲ್ಕರ ಹುಡುಗರು, ಚರ್ಚಿಗೆ ಕಾಲಿಡಲು ನಾಚುವವರು, ಬೇರೆ ಧರ್ಮದ ಮನೆಗಳವರು. ಅದರ ಯಶಸ್ಸು ನಿಂತಿರುವುದು ಮುಖ್ಯವಾಗಿ ಒಬ್ಬ ನಿಜವಾದ ತರಬೇತುದಾರರ ಮೇಲೆ. ಹತ್ತು ಜನ ಉತ್ಸಾಹಿಗಳಿದ್ದು ಒಬ್ಬರಿಗೂ ಆಟ ಕಲಿಸಲು ಬಾರದಿದ್ದರೆ ಎರಡನೆಯ ದಿನ ಮಕ್ಕಳಿಗೆ ಅದು ತಿಳಿದುಹೋಗುತ್ತದೆ. ಊರಿನ ಶಾಲೆಯ ದೈಹಿಕ ಶಿಕ್ಷಣ ಶಿಕ್ಷಕರನ್ನು ಮೊದಲೇ ಕಂಡು ಮಾತನಾಡಿ. ಅವರು ರಜೆಯಲ್ಲಿ ಒಂದೆರಡು ದಿನ ಬಂದರೂ ಸಾಕು. ಶಾಲೆ ತೆರೆದ ಮೇಲೆ ಆ ಮಕ್ಕಳನ್ನು ಹೋಬಳಿ ಮಟ್ಟದ ಪಂದ್ಯಕ್ಕೆ ಕರೆದೊಯ್ಯುವವರು ಅವರೇ. ಸರ್ಕಾರಿ ಶಾಲೆಯ ಮೈದಾನ ಬೇಕಿದ್ದರೆ ಮುಖ್ಯೋಪಾಧ್ಯಾಯರ ಮತ್ತು ಶಾಲಾಭಿವೃದ್ಧಿ ಸಮಿತಿಯವರ (ಎಸ್‌ಡಿಎಂಸಿ) ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ, ಬಾಯಿಮಾತನ್ನು ನಂಬಬೇಡಿ.

ಯಾವ ಆಟ? ಊರಿನಲ್ಲಿ ಉಳಿಯಬಲ್ಲ ಆಟ. ಖೋ ಖೋಗೆ ಎರಡು ಕಂಬ ಮತ್ತು ಸುಣ್ಣದ ಗೆರೆ ಸಾಕು, ಹುಡುಗ ಹುಡುಗಿಯರಿಬ್ಬರೂ ಆಡುತ್ತಾರೆ, ಒಮ್ಮೆಗೆ ಹದಿನೈದು ಇಪ್ಪತ್ತು ಮಕ್ಕಳಿಗೆ ಕೆಲಸವಿರುತ್ತದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್‌ನಲ್ಲಿ ಭಾರತದ ಪುರುಷರೂ ಮಹಿಳೆಯರೂ ಗೆದ್ದರು, ಎರಡೂ ತಂಡಗಳಲ್ಲಿ ಕರ್ನಾಟಕದವರಿದ್ದರು. ಹಳ್ಳಿಯ ಹುಡುಗಿಗೆ ಹೇಳಲು ಇದಕ್ಕಿಂತ ಒಳ್ಳೆಯ ಸುದ್ದಿ ಬೇಕೇ? ವಾಲಿಬಾಲ್, ಥ್ರೋಬಾಲ್ ಕೂಡ ಸರಿ. ಚೆಂಡು, ಬಲೆಗಳನ್ನು ವಾಪಸು ಒಯ್ಯದೆ ಶಾಲೆಗೆ ಬಿಟ್ಟುಹೋಗಿ. ಹುಡುಗಿಯರನ್ನು ಅಂಚಿನಲ್ಲಿ ಚಪ್ಪಾಳೆ ತಟ್ಟಲು ನಿಲ್ಲಿಸುವ ಆಟದ ವಾರ ನನಗೆ ಬೇಡವೇ ಬೇಡ. ಅವರಿಗೆ ಪ್ರತ್ಯೇಕ ಹೊತ್ತು ಮತ್ತು ಮಹಿಳಾ ತರಬೇತುದಾರರು ಇಲ್ಲದಿದ್ದರೆ ನಮ್ಮ ಕಡೆಯ ತಾಯಂದಿರು ಕಳುಹಿಸುವುದಿಲ್ಲ, ಕಳುಹಿಸದಿದ್ದರೆ ಅವರದು ತಪ್ಪೂ ಅಲ್ಲ.

ಬಿಸಿಲನ್ನು ಮರೆತವರು ರಾಯಚೂರು, ಕಲಬುರಗಿಗೆ ಬರಬೇಡಿ. ಏಪ್ರಿಲ್ ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಬೆಳಗ್ಗೆ ಆರೂವರೆಯಿಂದ ಒಂಬತ್ತು, ಸಂಜೆ ಐದರ ನಂತರ, ಅಷ್ಟೇ ಆಟ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಸಮ ಟೀ ಚಮಚ ಉಪ್ಪು ಬೆರೆಸಿದ ಪಾತ್ರೆ ನೆರಳಲ್ಲಿ ಇರಲಿ. ಸಾಧ್ಯವಿದ್ದರೆ ಆಟದ ವಾರವನ್ನು ದಸರಾ ರಜೆಗೆ ಇಟ್ಟುಕೊಳ್ಳಿ. ಮಳೆ ಹಿಂದಾಗಿರುತ್ತದೆ, ಮೈದಾನ ಮೆತ್ತಗಿರುತ್ತದೆ, ಮದುವೆಗಳ ಗಲಾಟೆ ಇರುವುದಿಲ್ಲ. ಬೇಸಿಗೆಗೇ ಬರಬೇಕೆಂಬ ಹಟ ಯಾಕೆ ಎಂದು ನನಗೆ ಅರ್ಥವಾಗುವುದಿಲ್ಲ.

ಬೇರೆ ಧರ್ಮದ ಮನೆಗಳ ಮಕ್ಕಳ ಬಗ್ಗೆ ಬಿಚ್ಚಿ ಮಾತನಾಡಬೇಕು. ಸಂವಿಧಾನದ 28ನೆಯ ವಿಧಿಯ ಪ್ರಕಾರ ಮಾನ್ಯತೆ ಪಡೆದ ಶಾಲೆಯಲ್ಲೂ ಅಪ್ರಾಪ್ತ ಮಗುವಿಗೆ ಧಾರ್ಮಿಕ ಬೋಧನೆ ನೀಡಲು ಪೋಷಕರ ಒಪ್ಪಿಗೆ ಬೇಕು. ಕರ್ನಾಟಕದ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆ ಉಡುಗೊರೆಯನ್ನೂ ಆಮಿಷದ ವ್ಯಾಖ್ಯೆಯೊಳಗೆ ತಂದಿತು. ಅಪ್ರಾಪ್ತರನ್ನು ಕಾನೂನುಬಾಹಿರವಾಗಿ ಮತಾಂತರಿಸಿದರೆ ಮೂರರಿಂದ ಹತ್ತು ವರ್ಷದವರೆಗೆ ಶಿಕ್ಷೆ ಎಂದಿತು. ಅದನ್ನು ರದ್ದುಪಡಿಸುವ ತೀರ್ಮಾನವನ್ನು ಸಚಿವ ಸಂಪುಟ 2023ರ ಜೂನ್‌ನಲ್ಲಿ ಕೈಗೊಂಡಿತು. ಕಾಯ್ದೆ ಹೇಗೇ ಇರಲಿ, ನನ್ನ ಮಾತು ಬದಲಾಗುವುದಿಲ್ಲ. ಆಟವೆಂದು ಕರೆದರೆ ಆಟ ಆಡಿಸಿ. ಕಥೆ, ಪ್ರಾರ್ಥನೆ ಇರುವುದಾದರೆ ಕರಪತ್ರದಲ್ಲೇ ದೊಡ್ಡಕ್ಷರದಲ್ಲಿ ಹಾಗೆಂದು ಬರೆಯಿರಿ, ಪೋಷಕರ ಸಹಿ ಪಡೆಯಿರಿ, ಆ ಹೊತ್ತಿಗೆ ಮನೆಗೆ ಹೋಗಬಯಸುವ ಮಗುವನ್ನು ನಗುಮುಖದಿಂದ ಕಳುಹಿಸಿ. ಬಹುಮಾನವನ್ನು ಆಟಕ್ಕೆ ಕೊಡಿ, ವಾಕ್ಯ ಒಪ್ಪಿಸಿದ್ದಕ್ಕೆ ಬೇಡ. ನೆರೆಮನೆಯ ಲಿಂಗಾಯತ ತಾಯಿ, ಮುಸ್ಲಿಂ ತಂದೆ ನಮ್ಮನ್ನು ನಂಬಿ ಮಗುವನ್ನು ಕಳುಹಿಸಿರುತ್ತಾರೆ. ನೀವು ಬಸ್ ಹತ್ತಿದ ಮೇಲೆ ಅವರ ಜೊತೆ ಬಾಳುವವರು ನಾವು. ಆ ನಂಬಿಕೆ ಮುರಿದರೆ ಕಟ್ಟಲು ಹತ್ತು ವರ್ಷ ಸಾಲದು.

ವಸತಿ ಶಿಬಿರ

ಮಕ್ಕಳು ಶಿಬಿರವನ್ನು ಜೀವಮಾನವಿಡೀ ನೆನೆಯುತ್ತಾರೆ. ಮೂರು ನಾಲ್ಕು ದಿನ ಒಟ್ಟಿಗೆ ಉಂಡು, ಒಟ್ಟಿಗೆ ಮಲಗಿ, ಮೊಬೈಲ್ ಇಲ್ಲದೆ ಕಳೆದ ಹದಿಹರೆಯದವರು ತಮ್ಮ ತಂದೆ ತಾಯಿಗೂ ಹೇಳದ ಮಾತನ್ನು ಶಿಬಿರದ ಅಣ್ಣನಿಗೋ ಅಕ್ಕನಿಗೋ ಹೇಳುತ್ತಾರೆ. ಆಳದಲ್ಲಿ ಉಳಿದೆರಡು ರೂಪಗಳೂ ಇದರ ಹತ್ತಿರ ಬರುವುದಿಲ್ಲ. ಅಪಾಯವೂ ಇದರಲ್ಲೇ ಹೆಚ್ಚು. ಅದಕ್ಕಾಗಿ ಅಲ್ಪಾವಧಿಯ ತಂಡವೊಂದು ತಾನೇ ವಸತಿ ಶಿಬಿರ ನಡೆಸುವುದನ್ನು ನಾನು ಒಪ್ಪುವುದಿಲ್ಲ. ಸ್ವಂತ ಜಾಗ, ಅನುಭವಿ ಸಿಬ್ಬಂದಿ, ಬರಹದಲ್ಲಿರುವ ಮಕ್ಕಳ ಸುರಕ್ಷತಾ ನೀತಿ ಇರುವ ಸಂಸ್ಥೆಯ ಅಥವಾ ಡಯಾಸಿಸ್‌ನ (ಧರ್ಮಪ್ರಾಂತ್ಯದ) ಶಿಬಿರಕ್ಕೆ ಸಹಾಯಕರಾಗಿ ಹೋಗಿ.

ಎಷ್ಟು ಮಕ್ಕಳಿಗೆ ಎಷ್ಟು ಹಿರಿಯರು? ಅಮೆರಿಕದ ಶಿಬಿರಗಳ ಸಂಘದ ಮಾನದಂಡ ನಮಗೂ ಉಪಯುಕ್ತ. ರಾತ್ರಿ ಉಳಿಯುವ ಶಿಬಿರದಲ್ಲಿ 6ರಿಂದ 8 ವರ್ಷದ ಆರು ಮಕ್ಕಳಿಗೆ ಒಬ್ಬರು, 9ರಿಂದ 14ರ ಎಂಟು ಮಕ್ಕಳಿಗೆ ಒಬ್ಬರು, 15ರಿಂದ 18ರ ಹತ್ತು ಮಕ್ಕಳಿಗೆ ಒಬ್ಬರು. ನಮ್ಮಲ್ಲಿ ಅರವತ್ತು ಮಕ್ಕಳಿಗೆ ನಾಲ್ಕು ಜನ ಎಂಬ ಲೆಕ್ಕ ಇಂದಿಗೂ ಕೇಳಿಬರುತ್ತದೆ. ಅಂಥ ಶಿಬಿರಕ್ಕೆ ನನ್ನ ಸಭೆಯ ಮಕ್ಕಳನ್ನು ನಾನು ಕಳುಹಿಸುವುದಿಲ್ಲ. ಹುಡುಗಿಯರ ಕೋಣೆಯ ಬಳಿ ಮಹಿಳೆಯರೇ ಇರಬೇಕು. ಯಾವ ಹಿರಿಯರೂ ಒಂದು ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಒಂಟಿಯಾಗಿ ಇರಬಾರದು, ಪ್ರಾರ್ಥನೆಗೂ ಸಹ. ಕೆರೆ, ನದಿ, ಕ್ವಾರಿಯ ನೀರಿಗೆ ಮಕ್ಕಳನ್ನು ಇಳಿಸಲೇಬಾರದು. ಪೋಕ್ಸೊ ಕಾಯ್ದೆ 2012ರ ಪ್ರಕಾರ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟರೆ ಅದೇ ಅಪರಾಧ. 'ಸಭೆಯ ಹೆಸರು ಕೆಡುತ್ತದೆ' ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ. ಮಕ್ಕಳ ಸಹಾಯವಾಣಿ 1098ನ್ನು ಊಟದ ಕೋಣೆಯ ಗೋಡೆಯ ಮೇಲೆ, ಮಕ್ಕಳ ಕಣ್ಣಿನ ಎತ್ತರಕ್ಕೆ ಅಂಟಿಸಿ.

ಇನ್ನೊಂದು ವಿಷಯ ನನ್ನನ್ನು ಬಹಳ ಕಾಡುತ್ತದೆ. ಕೊನೆಯ ರಾತ್ರಿ ಬೆಂಕಿಯ ಸುತ್ತ ಕುಳ್ಳಿರಿಸಿ, ನಿದ್ದೆಗೆಟ್ಟ ಮಕ್ಕಳನ್ನು ಅಳಿಸಿ, ಕೈ ಎತ್ತಿಸಿ, ಎಷ್ಟು ಕೈಗಳು ಎದ್ದವೆಂದು ವರದಿಯಲ್ಲಿ ಬರೆಯುವ ಪದ್ಧತಿ. ದೇವರು ಮಗುವಿನೊಂದಿಗೆ ಮಾತನಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ; ಎಂಟು ವರ್ಷದ ಮಗುವಿನ ಪ್ರಾರ್ಥನೆಯನ್ನು ನಾನು ನನ್ನದಕ್ಕಿಂತ ಹೆಚ್ಚು ನಂಬುತ್ತೇನೆ. ಆದರೆ ದಣಿವಿನಿಂದ ಬಂದ ಕಣ್ಣೀರನ್ನು ತೀರ್ಮಾನವೆಂದು ಎಣಿಸಬೇಡಿ. ಮಾತನಾಡಬೇಕೆನಿಸಿದ ಮಗುವಿಗೆ ಮರುದಿನ ಬೆಳಗ್ಗೆ, ತಿಂಡಿಯ ನಂತರ, ಬಯಲಲ್ಲಿ ಸಮಯ ಕೊಡಿ. ಆ ಮಗುವಿನ ಹೆಸರನ್ನು ಅದರ ಊರಿನ ಅಯ್ಯನವರಿಗೂ (ಸಭೆಯ ಪಾಸ್ಟರ್) ಶಿಕ್ಷಕರಿಗೂ ತಿಳಿಸಿ.

ಹೊರದೇಶದ ತಂಡ ಬರುತ್ತದೆಯೆಂದರೆ

ಚಂಡಮಾರುತ ಮಿಚ್ 1998ರಲ್ಲಿ ಹೊಂಡುರಾಸ್ ದೇಶವನ್ನು ಧ್ವಂಸ ಮಾಡಿದ ಮೇಲೆ ಉತ್ತರ ಅಮೆರಿಕದ ಸಭೆಗಳ ತಂಡಗಳು ಅಲ್ಲಿ ಮನೆ ಕಟ್ಟಲು ಹೋದವು. ಕರ್ಟ್ ವೆರ್ ಬೀಕ್ ಎಂಬ ಸಮಾಜಶಾಸ್ತ್ರಜ್ಞರು ಅದನ್ನು ಅಧ್ಯಯನ ಮಾಡಿದರು. ಪ್ರಯಾಣವೂ ಸೇರಿ ತಂಡ ಕಟ್ಟಿದ ಒಂದು ಮನೆಗೆ ಸುಮಾರು 30,000 ಡಾಲರ್ ತಗಲಿದರೆ, ಸ್ಥಳೀಯರೇ ಕಟ್ಟಿದ ಮನೆಗೆ ತಗಲಿದ್ದು ಸುಮಾರು 2,000 ಡಾಲರ್. ಹೋಗಿಬಂದವರ ಬದುಕು, ಅವರು ಕೊಡುವ ದೇಣಿಗೆ ಬಹಳ ಬದಲಾಯಿತು ಎಂಬ ನಂಬಿಕೆಗೂ ಅವರಿಗೆ ಹೆಚ್ಚಿನ ಆಧಾರ ಸಿಗಲಿಲ್ಲ. ಮಕ್ಕಳ ಶಿಬಿರಕ್ಕೂ ಇದೇ ಲೆಕ್ಕ ಹಾಕಿ ನೋಡಿ. ಹತ್ತು ಜನರ ವಿಮಾನದ ಟಿಕೆಟ್ ಹಣದಲ್ಲಿ ಒಂದು ತಾಲ್ಲೂಕಿನ ಎಲ್ಲ ಭಾನುವಾರ ಶಾಲಾ ಶಿಕ್ಷಕರಿಗೆ ತರಬೇತಿ ಕೊಡಬಹುದು.

ಕಾನೂನು ಇಲ್ಲಿ ಬಿಗಿಯಾಗಿದೆ. ಪ್ರವಾಸಿ ವೀಸಾದಲ್ಲಿ ಬಂದವರು ಆರಾಧನೆಯಲ್ಲಿ ಕುಳಿತುಕೊಳ್ಳಬಹುದು, ಬೋಧಿಸುವಂತಿಲ್ಲ, ಧಾರ್ಮಿಕ ಕರಪತ್ರ ಹಂಚುವಂತಿಲ್ಲ. ಮಿಷನರಿ ವೀಸಾವೇ ಬೇರೆ. ಅಮೆರಿಕ, ಬ್ರಿಟನ್‌ನಲ್ಲಿ ನೆಲೆಸಿರುವ ನಮ್ಮದೇ ಕನ್ನಡ ಕ್ರೈಸ್ತ ಕುಟುಂಬಗಳ ಮಕ್ಕಳು ರಜೆಗೆ ಬಂದು ವಿಬಿಎಸ್‌ನಲ್ಲಿ ನಿಲ್ಲುವುದುಂಟು. ಅವರು ಗಮನಿಸಬೇಕು: ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಇದ್ದರೂ ಮಿಷನರಿ ಚಟುವಟಿಕೆಗೆ ವಿಶೇಷ ಅನುಮತಿ ಬೇಕೆಂದು 2021ರ ಮಾರ್ಚ್‌ನ ಅಧಿಸೂಚನೆ ಹೇಳುತ್ತದೆ. ಹಣದ ವಿಷಯವೂ ಹಾಗೆಯೇ. ವಿದೇಶಿ ದೇಣಿಗೆಯನ್ನು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಇರುವ ಸಂಸ್ಥೆ ಮಾತ್ರ, ಗೊತ್ತುಪಡಿಸಿದ ಬ್ಯಾಂಕ್ ಖಾತೆಯ ಮೂಲಕ ಪಡೆಯಬಹುದು. ಹೊರಡುವಾಗ ಅಯ್ಯನವರ ಕೈಗೆ ಲಕೋಟೆ ಇಡುವುದು ಪ್ರೀತಿಯಿಂದಲೇ ಇರಬಹುದು, ಕಷ್ಟಕ್ಕೆ ಸಿಕ್ಕುವವರು ಅಯ್ಯನವರು. ಒಬ್ಬ ಒಳ್ಳೆಯ ತರಬೇತುದಾರರು, ಸರಿಯಾದ ವೀಸಾದೊಂದಿಗೆ ಬಂದು ನಮ್ಮ ದೈಹಿಕ ಶಿಕ್ಷಕರಿಗೆ ಕಲಿಸಿ ಹೋದರೆ ಅದು ದೊಡ್ಡ ಉಪಕಾರ.

ಯಾವ ದೇಶದ ತಂಡವಾದರೂ ಅನಾಥಾಲಯ, ಬಾಲಮಂದಿರಗಳ ಭೇಟಿಯನ್ನು ಕಾರ್ಯಕ್ರಮದಿಂದ ತೆಗೆಯಿರಿ. ಒಬ್ಬರ ಹಿಂದೊಬ್ಬರು ಬಂದು ಅಪ್ಪಿಕೊಂಡು ಬಿಟ್ಟುಹೋಗುವುದು ಅಲ್ಲಿನ ಮಕ್ಕಳಿಗೆ ಮತ್ತೆ ಮತ್ತೆ ಆಗುವ ಗಾಯ. ಪಾಲನೆ ಪೋಷಣೆಯ ಅಗತ್ಯವಿರುವ ಮಕ್ಕಳ ಗುರುತು ಬಯಲಾಗುವಂತೆ ಫೋಟೊ ಹಾಕುವುದನ್ನು ಬಾಲನ್ಯಾಯ ಕಾಯ್ದೆ 2015 ನಿಷೇಧಿಸಿದೆ.

ನಿಮ್ಮ ತಂಡಕ್ಕೆ ಯಾವುದು?

ಕಾಲೇಜು ವಯಸ್ಸಿನ, ಮೊದಲ ಸಲ ಹೊರಡುತ್ತಿರುವ ಆರೇಳು ಜನರಿದ್ದರೆ ವಿಬಿಎಸ್ ಆರಿಸಿ, ಪಾಠದ ಹೊಣೆಯನ್ನು ಊರಿನ ಶಿಕ್ಷಕರಿಗೆ ಬಿಡಿ. ತಂಡದಲ್ಲಿ ಒಬ್ಬ ದೈಹಿಕ ಶಿಕ್ಷಕರು ಅಥವಾ ವಿಶ್ವವಿದ್ಯಾಲಯ ಮಟ್ಟದಲ್ಲಿ ಆಡಿದವರಿದ್ದು, ಜೊತೆಗೆ ಮಹಿಳೆಯರೂ ಇದ್ದರೆ ದಸರಾದಲ್ಲಿ ಆಟದ ವಾರ. ಮೂವತ್ತು ದಾಟಿದ, ಮಕ್ಕಳ ಕೆಲಸದಲ್ಲಿ ಪಳಗಿದ, ತಾಳ್ಮೆಯುಳ್ಳ ದಂಪತಿಗಳಿಗೆ ಶಿಬಿರದಲ್ಲಿ ಬಹಳ ಕೆಲಸವಿದೆ. ಎರಡರ ನಡುವೆ ಮನಸ್ಸು ಹೊಯ್ದಾಡುತ್ತಿದ್ದರೆ ಬೆಳಗ್ಗೆ ಆಟ, ನಂತರ ಸಭೆಯ ಮಕ್ಕಳಿಗೆ ಮಾತ್ರ ವಿಬಿಎಸ್ ಎಂದು ಬೇರೆ ಬೇರೆಯಾಗಿಯೇ ನಡೆಸಬಹುದು; ಎರಡನ್ನೂ ಕಲಸಿಬಿಡಬೇಡಿ.

ಯಾವ ಊರಿಗೆ ಎಂಬುದಕ್ಕೆ ನನ್ನ ಉತ್ತರ: ಕಳೆದ ವರ್ಷ ಹೋದ ಊರಿಗೇ. ಮೂರು ವರ್ಷ ಒಂದೇ ಊರಿಗೆ ಬಂದ ತಂಡವೊಂದು ನಮಗಿದೆ. ಮೂರನೆಯ ವರ್ಷ ಅವರು ಬರುವ ಹೊತ್ತಿಗೆ ಹಾಡುಗಳನ್ನೆಲ್ಲ ನಮ್ಮ ಹತ್ತನೆಯ ತರಗತಿಯ ಹುಡುಗಿಯರೇ ಹೇಳಿಕೊಡುತ್ತಿದ್ದರು, ಬಂದವರಿಗೆ ಉಳಿದದ್ದು ನೀರು ಕೊಡುವ ಕೆಲಸ. ಅವರು ಅದನ್ನು ಸಂತೋಷದಿಂದ ಮಾಡಿದರು.

ನಾಲ್ಕೇ ದಿನ ರಜೆ ಸಿಗುವವರು, ಉದ್ಯೋಗಸ್ಥರು ನಿರಾಶರಾಗಬೇಕಿಲ್ಲ. ಮಾರ್ಚ್‌ನ ಒಂದು ವಾರಾಂತ್ಯ ಬಂದು ನಮ್ಮ ಶಿಕ್ಷಕರ ಜೊತೆ ಕುಳಿತು ಚಾರ್ಟ್ ಬರೆಯಿರಿ, ಕೈಕೆಲಸದ ಸಾಮಾನು ಕತ್ತರಿಸಿ ಜೋಡಿಸಿಡಿ, ಮೈದಾನದ ಕಲ್ಲು ಮುಳ್ಳು ಆರಿಸಿ. ಏಪ್ರಿಲ್‌ನಲ್ಲಿ ಶಾಲೆ ನಾವು ನಡೆಸುತ್ತೇವೆ.